ದಿಂಡಿಗಲ್ ಸೀಮೆಯ ಧರ್ಮಶ್ರದ್ಧೆ ಮತ್ತು ಶಾಂತಿಕಾರ್ಯ

ತಮಿಳುನಾಡಿನ ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳಲ್ಲಿ 1930ರ ಆಸುಪಾಸಿನಿಂದ ಇಂದಿನವರೆಗೆ, ದೈವಶ್ರದ್ಧೆಯುಳ್ಳ ಕೆಲವರು ಸಾರ್ವಜನಿಕ ಜೀವನಕ್ಕಿಳಿದು ನಡೆಸಿದ ಅಹಿಂಸಾತ್ಮಕ ಕೆಲಸಗಳ ಪರಂಪರೆಯೊಂದಿದೆ. ಗಾಂಧಿಗ್ರಾಮ ಇದರ ಕೇಂದ್ರ. ಬಟ್ಲಗುಂಡು, ಚಿನ್ನಾಳಪಟ್ಟಿ, ಒಡ್ಡನ್‌ಛತ್ರಂ, ವೇದಸಂದೂರು ಇದರ ಸುತ್ತಿನ ನೆಲೆಗಳು. ಹಿಂದೂ, ಕ್ರೈಸ್ತ, ವಳ್ಳಲಾರ್ ಪಂಥ ಹೀಗೆ ಬೇರೆ ಬೇರೆ ಮೂಲಗಳಿಂದ ಬಂದವರು ಇಲ್ಲಿ ಒಟ್ಟಿಗೆ ದುಡಿದರು. ಅವರಲ್ಲಿ ಹೆಚ್ಚಿನವರು ಯುದ್ಧ, ಅಣ್ವಸ್ತ್ರಗಳಂಥ ದೊಡ್ಡ ಮಾತುಗಳಿಂದ ಹೊರಟರೂ ಕೊನೆಗೆ ಬಂದು ನಿಂತದ್ದು ನೆಲ ಯಾರದು ಎಂಬ ಪ್ರಶ್ನೆಯ ಮುಂದೆ. ಆ ಪ್ರಶ್ನೆಯನ್ನು ಎದುರಿಸಿದವರ ಕೆಲಸ ಉಳಿದಿದೆ. ಉಳಿದ ಬಹಳಷ್ಟು ಸಮ್ಮೇಳನಗಳ ವರದಿಗಳಲ್ಲಿದೆ.

ಸೀಮೆ ಮತ್ತು ಜನ

ಪಳನಿ ಮತ್ತು ಸಿರುಮಲೆ ಬೆಟ್ಟಗಳ ನಡುವಿನ ಬಯಲು ದಿಂಡಿಗಲ್. ಅದರ ನೈಋತ್ಯಕ್ಕೆ, ಪಶ್ಚಿಮ ಘಟ್ಟದ ಮಡಿಲಲ್ಲಿ ಕಂಬಂ ಕಣಿವೆ. ಎರಡೂ ಮೊದಲು ಮಧುರೈ ಜಿಲ್ಲೆಯಲ್ಲಿದ್ದವು. ದಿಂಡಿಗಲ್ 1985ರಲ್ಲಿ, ತೇನಿ 1996ರಲ್ಲಿ ಪ್ರತ್ಯೇಕ ಜಿಲ್ಲೆಗಳಾದವು. ಕಣಿವೆ ಮುಲ್ಲೈಪೆರಿಯಾರ್ ನೀರಿನಿಂದ ಹಸಿರು. ದಿಂಡಿಗಲ್‌ನ ಉತ್ತರಕ್ಕಿರುವ ವೇದಸಂದೂರು ಕಡೆ ಮಳೆಯನ್ನೇ ನಂಬಿದ ಒಣನೆಲ. ಕುಡಗನಾರು ಹೊಳೆ ವರ್ಷದ ಬಹುಭಾಗ ಮರಳಾಗಿರುತ್ತದೆ. ಹೊಗೆಸೊಪ್ಪು ಇಲ್ಲಿನ ಹಳೆಯ ಬೆಳೆ. ತಂಬಾಕು ಸಂಶೋಧನಾ ಕೇಂದ್ರವೊಂದೂ ವೇದಸಂದೂರಿನಲ್ಲಿದೆ. ದಿಂಡಿಗಲ್ ಚುಟ್ಟ ಒಂದು ಕಾಲಕ್ಕೆ ಲಂಡನ್ನಿನವರೆಗೂ ಹೋಗುತ್ತಿತ್ತು.

ಕನ್ನಡಿಗರಿಗೆ ಈ ಸೀಮೆ ಪರನಾಡೇನಲ್ಲ. ಹದಿನೆಂಟನೆಯ ಶತಮಾನದ ನಡುವಿನಿಂದ ಮೈಸೂರಿನ ಆಳ್ವಿಕೆ ಇಲ್ಲಿತ್ತು. 1755ರಲ್ಲಿ ಹೈದರಾಲಿ ದಿಂಡಿಗಲ್‌ನ ಫೌಜುದಾರನಾಗಿ ಬಂದು, ಇಲ್ಲಿಂದಲೇ ತನ್ನ ಬಲ ಬೆಳೆಸಿಕೊಂಡ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ದಿಂಡಿಗಲ್ ಒಂದು. ಪೇಟೆಯ ಬೇಗಂಪುರದ ಮಸೀದಿಯ ಆವರಣದಲ್ಲಿ ಹೈದರನ ತಂಗಿ ಅಮೀರುನ್ನಿಸಾ ಬೇಗಂಳ ಸಮಾಧಿಯಿದೆ. ಮೈಸೂರಿನ ಆಳ್ವಿಕೆಗೂ ಮೊದಲೇ ವಲಸೆ ಬಂದ ಕನ್ನಡ ಮನೆಮಾತಿನ ಕುಲಗಳು ಈಗಲೂ ಇಲ್ಲಿವೆ. ಕಂಬಂ ಕಣಿವೆಯ ಒಕ್ಕಲಿಗರು, ಕಪ್ಪಿಲಿಯರು, ದಿಂಡಿಗಲ್ ಸುತ್ತಿನ ಅನುಪ್ಪ ಗೌಂಡರು, ಚಿನ್ನಾಳಪಟ್ಟಿ ಮತ್ತು ಬೋಡಿನಾಯಕನೂರಿನ ದೇವಾಂಗ ನೇಕಾರರು ಇಂಥವರು. ದೇವಾಂಗರು ಚೌಡೇಶ್ವರಿಯ ಉತ್ಸವದಲ್ಲಿ ಕತ್ತಿ ಹಾಕುವ ಸೇವೆ ನಡೆಸುತ್ತಾರೆ. ಕಂಬಂನ ಒಕ್ಕಲಿಗರ ನಂದಗೋಪಾಲ ದೇವಸ್ಥಾನ ದೇವರಿಗೆ ಬಿಟ್ಟ ದನಗಳ ದೊಡ್ಡಿ. ಮಾಟ್ಟುಪೊಂಗಲ್‌ಗೆ ಕಣಿವೆಯ ಜನ ಜಾತಿಭೇದವಿಲ್ಲದೆ ಅಲ್ಲಿಗೆ ಬರುತ್ತಾರೆ. ದಿಂಡಿಗಲ್‌ನ ಮುತ್ತಳಗುಪಟ್ಟಿಯಲ್ಲಿ ಸಂತ ಸೆಬಾಸ್ಟಿಯನ್ ಹಬ್ಬದ ಅನ್ನದಾನಕ್ಕೂ ಎಲ್ಲ ಮತದವರು ಸೇರುತ್ತಾರೆ. ಇದನ್ನೆಲ್ಲ ನೋಡಿ ಇದು ಹುಟ್ಟಾ ಸೌಹಾರ್ದದ ನಾಡು ಎಂದು ಬರೆಯುವವರಿದ್ದಾರೆ. ಹಬ್ಬದ ಎಲೆಯಲ್ಲಿ ಒಟ್ಟಿಗೆ ಉಂಡವರು ಮಾರನೆಯ ದಿನ ಒಂದೇ ಬಾವಿಯ ನೀರು ಸೇದಲಾರದ ಸ್ಥಿತಿಯೂ ಇಲ್ಲೇ ಇತ್ತು.

ಗುಡಿಯ ಬಾಗಿಲು

1939ರ ಜುಲೈ 8ರಂದು ಮಧುರೈಯ ಕಾಂಗ್ರೆಸ್ ಮುಂದಾಳು ಎ. ವೈದ್ಯನಾಥ ಅಯ್ಯರ್ ಕೆಲವು ದಲಿತರನ್ನೂ ನಾಡಾರರೊಬ್ಬರನ್ನೂ ಕರೆದುಕೊಂಡು ಮಧುರೈ ಮೀನಾಕ್ಷಿ ದೇವಸ್ಥಾನವನ್ನು ಪ್ರವೇಶಿಸಿದರು. ಅದನ್ನು ಊರ್ಜಿತಗೊಳಿಸಲು ರಾಜಾಜಿ ಸರಕಾರ ಅದೇ ವರ್ಷ ಕಾನೂನು ತಂದಿತು. ಹರಿಜನರಿಗೆ ಮುಚ್ಚಿದ ಗುಡಿಗೆ ತಾವೂ ಹೋಗುವುದಿಲ್ಲ ಎಂದಿದ್ದ ಗಾಂಧೀಜಿ 1946ರ ಫೆಬ್ರವರಿ ಮೊದಲ ವಾರದಲ್ಲಿ ಮೀನಾಕ್ಷಿಯ ದರ್ಶನ ಮಾಡಿ, ಅಲ್ಲಿಂದ ರೈಲಿನಲ್ಲಿ ದಿಂಡಿಗಲ್ ಮಾರ್ಗವಾಗಿ ಪಳನಿಗೆ ಹೋದರು. ಆ ಹಳಿಯ ಪಕ್ಕದ ಅಂಬಾತ್ತುರೈ ನಿಲ್ದಾಣದ ಬಳಿಯೇ ಮರುವರ್ಷ ಗಾಂಧಿಗ್ರಾಮ ಎದ್ದಿತು.

ಆಗಿನ ತಮಿಳುನಾಡಿನಲ್ಲಿ ದೇವರ ಹೆಸರೆತ್ತಿ ಸಾರ್ವಜನಿಕ ಕೆಲಸಕ್ಕಿಳಿಯುವುದು ಸುಲಭವಾಗಿರಲಿಲ್ಲ. ಪೆರಿಯಾರರ ಆತ್ಮಗೌರವ ಚಳವಳಿ ಗುಡಿ, ಪುರೋಹಿತ, ಪುರಾಣಗಳನ್ನು ನೇರವಾಗಿ ಪ್ರಶ್ನಿಸುತ್ತಿತ್ತು. 1967ರ ಹೊತ್ತಿಗೆ ಆ ಚಳವಳಿಯ ಒಂದು ಕವಲಾದ ಡಿಎಂಕೆ ರಾಜ್ಯದ ಅಧಿಕಾರಕ್ಕೇ ಬಂತು. ಗಾಂಧಿವಾದಿಗಳ ಸರ್ವಧರ್ಮ ಪ್ರಾರ್ಥನೆ ಆ ಜನಕ್ಕೆ ಮೇಲ್ಜಾತಿಯವರ ಮೃದು ಮಾತಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಜಾತಿಯನ್ನು ಬುಡದಿಂದ ಅಲ್ಲಾಡಿಸದ ಶಾಂತಿ ಯಾರಿಗಾಗಿ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಕ್ರೈಸ್ತ ಎಳೆ: ಕೈಥಾನ್, ಕುಮಾರಪ್ಪ

ಈ ಪರಂಪರೆಯ ಮೊದಲಿಗರಲ್ಲಿ ರಾಲ್ಫ್ ರಿಚರ್ಡ್ ಕೈಥಾನ್ ಒಬ್ಬರು. ಅಮೆರಿಕದ ಮಿನೆಸೊಟಾದವರು. 1925ರಲ್ಲಿ ಅಮೆರಿಕನ್ ಮಧುರಾ ಮಿಷನ್ನಿನ ಪಾದ್ರಿಯಾಗಿ ಬಂದರು. ಆ ಮಿಷನ್ ದಿಂಡಿಗಲ್‌ನಲ್ಲಿ ನೆಲೆಯೂರಿದ್ದು 1835ರಲ್ಲೇ. ಕೊಡೈಕಾನಲ್‌ನಲ್ಲಿ 1845ರಿಂದ ಬೇಸಿಗೆಯ ಮನೆಗಳನ್ನು ಕಟ್ಟಿಕೊಂಡವರೂ ಅದೇ ಮಿಷನ್ನಿನವರು. ಬ್ರಿಟಿಷ್ ಪ್ರಜೆಗಳಲ್ಲದ ಮಿಷನರಿಗಳು ಸರಕಾರಕ್ಕೆ ವಿಧೇಯರಾಗಿ, ರಾಜಕೀಯದಿಂದ ದೂರವಿರುತ್ತೇವೆಂದು ಆಗ ಮುಚ್ಚಳಿಕೆ ಕೊಡಬೇಕಿತ್ತು. ಶಾಲೆ, ಆಸ್ಪತ್ರೆ, ಅನುದಾನ ಎಲ್ಲವೂ ಆ ಕಾಗದದ ಮೇಲೆ ನಿಂತಿದ್ದವು.

1930ರ ಮಾರ್ಚಿನಲ್ಲಿ ಗಾಂಧೀಜಿಯ ಪತ್ರವನ್ನು ವೈಸ್‌ರಾಯ್ ಇರ್ವಿನ್‌ಗೆ ತಲುಪಿಸಿದ್ದ ಇಂಗ್ಲಿಷ್ ಕ್ವೇಕರ್ ತರುಣ ರೆಜಿನಾಲ್ಡ್ ರೆನಾಲ್ಡ್ಸ್ ಮಧುರೈಗೆ ಬಂದಾಗ ಕೈಥಾನ್ ಅವನಿಗೆ ಮನೆಯಲ್ಲಿ ಇಳಿದುಕೊಳ್ಳಲು ಜಾಗ ಕೊಟ್ಟರು. ಅಷ್ಟಕ್ಕೇ ಅವರು ದೇಶ ಬಿಡಬೇಕಾಯಿತು. ಅವರನ್ನು ಹೊರಗೆ ಕಳಿಸಿದ ನಿರ್ಧಾರದಲ್ಲಿ ಸರಕಾರದಷ್ಟೇ ಪಾಲು ಅವರದೇ ಮಿಷನ್ನಿಗೂ ಇತ್ತು. ಕೆಲವು ವರ್ಷಗಳ ನಂತರ, ವೈದ್ಯೆಯಾಗಿದ್ದ ಪತ್ನಿ ಮಿಲ್ಡ್ರೆಡ್ ಜೊತೆ ಮರಳಿ ಬಂದ ಅವರು ಬೆಂಗಳೂರಿನಲ್ಲೂ ನೆಲೆಸಿ, ಕೊಳೆಗೇರಿಗಳ ಬಡವರ ನಡುವೆ ಕೆಲಸ ಮಾಡಿದರು. 1944ರಲ್ಲಿ ಮತ್ತೆ ಗಡೀಪಾರಾದರು. ಸ್ವಾತಂತ್ರ್ಯ ಬಂದ ಮೇಲೆ ಮೂರನೆಯ ಸಲ ಬಂದವರು ಗಾಂಧಿಗ್ರಾಮ ಮತ್ತು ಬಟ್ಲಗುಂಡಿನ ಸುತ್ತಲೇ ಉಳಿದರು. ಖಾದಿ ಉಟ್ಟು, ಹಳ್ಳಿಯವರಂತೆ ಬದುಕಿ, ಕ್ರೈಸ್ತರಾಗಿಯೇ ಉಳಿದ ಕೈಥಾನ್ ಮತಾಂತರವನ್ನು ತಮ್ಮ ಕೆಲಸವೆಂದು ಎಣಿಸಲಿಲ್ಲ. 1955ರಲ್ಲಿ ಡಾ. ಎ.ಕೆ. ಥರಿಯನ್ ಮತ್ತು ಡಾ. ಜೇಕಬ್ ಚೆರಿಯನ್ ಒಡ್ಡನ್‌ಛತ್ರಂನಲ್ಲಿ ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆ ತೆರೆದದ್ದರ ಹಿಂದೆಯೂ ಅವರ ಪ್ರೇರಣೆಯಿತ್ತು. ವಿದೇಶಿ ಮಿಷನ್ನಿನ ಹಂಗಿಲ್ಲದೆ, ವೈದ್ಯರು ಸರಳ ಜೀವನ ನಡೆಸುತ್ತ ಹಳ್ಳಿಗರಿಗೆ ಚಿಕಿತ್ಸೆ ಕೊಡುವುದು ಅಲ್ಲಿನ ಕ್ರಮವಾಯಿತು.

ಜೆ.ಸಿ. ಕುಮಾರಪ್ಪನವರದು ಇದೇ ದಾರಿಯ ಇನ್ನೊಂದು ಹೆಜ್ಜೆ. ಲೆಕ್ಕಪರಿಶೋಧಕರಾಗಿದ್ದು ಗಾಂಧೀಜಿಯ ಅರ್ಥಶಾಸ್ತ್ರಜ್ಞರಾದ ಅವರು, ಕಾನೂನುಭಂಗ ಚಳವಳಿಯ ಕಾಲದಲ್ಲಿ ಕ್ರೈಸ್ತ ಧರ್ಮಾಧಿಕಾರಿಗಳು ಸರಕಾರದ ಪರ ನಿಂತಾಗ ಅವರೊಡನೆ ಬಹಿರಂಗ ಪತ್ರಗಳ ಮೂಲಕ ವಾದಕ್ಕಿಳಿದರು. ಬೆಟ್ಟದ ಮೇಲಿನ ಪ್ರವಚನವನ್ನು ಒಪ್ಪಿದವರು ಲಾಠಿಯ ಪರ ಹೇಗೆ ನಿಲ್ಲುತ್ತಾರೆ ಎಂಬುದು ಅವರ ತಕರಾರು. ಕೊನೆಯ ವರ್ಷಗಳನ್ನು ಮಧುರೈ ಬಳಿಯ ಕಲ್ಲುಪಟ್ಟಿಯ ಗಾಂಧಿನಿಕೇತನ ಆಶ್ರಮದಲ್ಲಿ ಕಳೆದು, 1960ರ ಜನವರಿ 30ರಂದು ತೀರಿಕೊಂಡರು.

ಕೈಥಾನ್, ಕುಮಾರಪ್ಪ ಇಬ್ಬರನ್ನೂ ಅವರ ಸ್ವಂತ ಧರ್ಮಸಂಸ್ಥೆಗಳು ದೂರವಿಟ್ಟವು. ಶ್ರದ್ಧೆ ಸಾರ್ವಜನಿಕ ಜೀವನಕ್ಕೆ ಬಂದಾಗ ಮೊದಲ ಪೆಟ್ಟು ಬೀಳುವುದು ಹೊರಗಿನವರಿಂದಲ್ಲ, ಒಳಗಿನವರಿಂದ ಎಂಬುದಕ್ಕೆ ಈ ಸೀಮೆಯ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾದ ನಿದರ್ಶನ ಬೇರೆಯಿಲ್ಲ.

ಗಾಂಧಿಗ್ರಾಮ

ಟಿ.ವಿ.ಎಸ್. ಉದ್ದಿಮೆಯ ಟಿ.ವಿ. ಸುಂದರಂ ಅಯ್ಯಂಗಾರರ ಮಗಳು ಸೌಂದರಂ (1904–1984). ಬಾಲ್ಯದಲ್ಲೇ ಮದುವೆಯಾಗಿ, ಹರೆಯದಲ್ಲೇ ವಿಧವೆಯಾದರು. ತಂದೆತಾಯಿ ಅಂದಿನ ಕಟ್ಟಳೆ ಮೀರಿ ಓದಿಸಿದರು; ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯಕೀಯ ಮುಗಿಸಿದರು. ಕೇರಳದ ನೆಯ್ಯಾಟ್ಟಿನ್‌ಕರೆಯವರಾದ, ಶಾಂತಿನಿಕೇತನದಲ್ಲಿ ಓದಿ ಸಾಬರಮತಿ ಸೇರಿದ್ದ ಜಿ. ರಾಮಚಂದ್ರನ್ ಅವರನ್ನು 1940ರಲ್ಲಿ ಗಾಂಧೀಜಿಯ ಆಶೀರ್ವಾದದೊಂದಿಗೆ ವರಿಸಿದರು. ವಿಧವಾ ವಿವಾಹ, ಅದರ ಮೇಲೆ ಅಂತರ್ಜಾತಿ ವಿವಾಹ. ಓದಿಸಲು ಮುಂದಾದ ಮನೆಯವರೇ ಈ ಮದುವೆಗೆ ಒಪ್ಪಲಿಲ್ಲ.

ಕಸ್ತೂರಬಾ ಸ್ಮಾರಕ ನಿಧಿಯ ತಮಿಳುನಾಡಿನ ಹೊಣೆ ಸೌಂದರಂ ಅವರಿಗೆ ಬಂದಾಗ ಹಳ್ಳಿಯ ಹೆಂಗಸರಿಗೆ ತರಬೇತಿ, ಹೆರಿಗೆ ಆಸ್ಪತ್ರೆ, ಬುನಾದಿ ಶಿಕ್ಷಣದ ಶಾಲೆ ಎಲ್ಲವನ್ನೂ ಒಂದೆಡೆ ಸೇರಿಸುವ ಯೋಚನೆ ಮೂಡಿತು. 1947ರಲ್ಲಿ ಗಂಡಹೆಂಡತಿ ಕೂಡಿ ಚಿನ್ನಾಳಪಟ್ಟಿಯ ಹತ್ತಿರ ಗಾಂಧಿಗ್ರಾಮ ಆರಂಭಿಸಿದರು. ಕಸ್ತೂರಬಾ ಆಸ್ಪತ್ರೆ ಅಲ್ಲಿಯೇ ಬೆಳೆಯಿತು. 1956ರಲ್ಲಿ ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆ ಆರಂಭವಾಗಿ, 1976ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ರಾಮಚಂದ್ರನ್ ಅದರ ಮೊದಲ ಕುಲಪತಿ.

ಸೌಂದರಂ ಚುನಾವಣೆಗೂ ನಿಂತರು. 1952ರಲ್ಲಿ ಆತ್ತೂರಿನಿಂದ, 1957ರಲ್ಲಿ ವೇದಸಂದೂರಿನಿಂದ ಮದ್ರಾಸ್ ವಿಧಾನಸಭೆಗೆ ಕಾಂಗ್ರೆಸ್ಸಿನಿಂದ ಆಯ್ಕೆಯಾದರು. 1962ರಲ್ಲಿ ದಿಂಡಿಗಲ್‌ನಿಂದ ಲೋಕಸಭೆಗೆ ಹೋಗಿ ಕೇಂದ್ರದ ಶಿಕ್ಷಣ ಉಪಮಂತ್ರಿಯಾದರು; ಅದೇ ವರ್ಷ ಪದ್ಮಭೂಷಣವೂ ಬಂತು. ಹೊಗೆಸೊಪ್ಪು ಬೆಳೆಯುವ ಕ್ಷೇತ್ರ ಗಾಂಧಿವಾದಿ ವೈದ್ಯೆಯೊಬ್ಬರನ್ನು ಆರಿಸಿ ಕಳಿಸಿದ್ದು ತಮಾಷೆಯಾಗಿ ಕಾಣಬಹುದು. ಆದರೆ ಮತದಾರರ ಲೆಕ್ಕ ನೇರವಾಗಿತ್ತು. ಹೆರಿಗೆಗೆ ಎತ್ತಿನ ಗಾಡಿಯಲ್ಲಿ ಮೈಲಿಗಟ್ಟಲೆ ಹೋಗಬೇಕಿದ್ದ ಊರುಗಳಿಗೆ ಆಸ್ಪತ್ರೆ ಕಟ್ಟಿದವರು ಬೇಕಿತ್ತು. 1967ರ ಡಿಎಂಕೆ ಅಲೆಯಲ್ಲಿ ಅವರು ಸೋತರು.

ಮಂಜೇಶ್ವರದ ಪ್ರತಿಜ್ಞೆ, ಗಾಂಧಿಗ್ರಾಮದ ಸೇನೆ

ಗಲಭೆ ನಡೆಯುವಲ್ಲಿ ಆಯುಧವಿಲ್ಲದೆ ನಡುವೆ ನಿಲ್ಲುವ ಶಾಂತಿಸೇನೆಯ ಕಲ್ಪನೆ ಗಾಂಧೀಜಿಯದು. ಅದಕ್ಕೆ ರೂಪ ಕೊಟ್ಟವರು ವಿನೋಬಾ ಭಾವೆ. 1956ರ ಮೇ ತಿಂಗಳಿಂದ ಸುಮಾರು ಒಂದು ವರ್ಷ ತಮಿಳುನಾಡಿನಲ್ಲಿ, ಉಳ್ಳವರಿಂದ ಭೂಹೀನರಿಗೆ ನೆಲ ಕೇಳುವ ಭೂದಾನ ಯಾತ್ರೆ ನಡೆಸಿದ ಅವರು ಅಲ್ಲಿಂದ ಕೇರಳಕ್ಕೆ ದಾಟಿದರು. 1957ರ ಆಗಸ್ಟಿನಲ್ಲಿ, ಕೇರಳ ಯಾತ್ರೆಯ ಕೊನೆಗೆ, ಮಂಜೇಶ್ವರದಲ್ಲಿ ಕೇರಳದ ಗಾಂಧಿವಾದಿ ಕೆ. ಕೇಳಪ್ಪನ್ ಅವರ ನೇತೃತ್ವದ ಮೊದಲ ಶಾಂತಿಸೈನಿಕರು ಪ್ರತಿಜ್ಞೆ ಮಾಡಿದರು. ಗೋವಿಂದ ಪೈಗಳ ಆ ಊರು ಕೇರಳಕ್ಕೆ ಸೇರಿ ಆಗ ಇನ್ನೂ ವರ್ಷವೂ ತುಂಬಿರಲಿಲ್ಲ. ಗಡಿ ಬದಲಾದ ಸಿಟ್ಟು ಆರದ ನೆಲದಲ್ಲೇ ಶಾಂತಿಸೇನೆ ಹುಟ್ಟಿದ್ದನ್ನು ಕನ್ನಡದ ಚರಿತ್ರೆಕಾರರು ಅಷ್ಟಾಗಿ ಗಮನಿಸಿಲ್ಲ. ಅಲ್ಲಿಂದ ಮೈಸೂರು ರಾಜ್ಯಕ್ಕೆ ಬಂದ ವಿನೋಬಾ ಸೆಪ್ಟೆಂಬರ್ 21–22ರಂದು ಮೈಸೂರಿನ ಬಳಿಯ ಯಲವಾಲದಲ್ಲಿ, ಊರಿನ ನೆಲವನ್ನು ಊರಿಗೇ ಒಪ್ಪಿಸುವ ಗ್ರಾಮದಾನದ ಬಗ್ಗೆ ಸರ್ವಪಕ್ಷ ಸಮ್ಮೇಳನ ನಡೆಸಿದರು. ರಾಷ್ಟ್ರಪತಿ ರಾಜೇಂದ್ರಪ್ರಸಾದ್, ಪ್ರಧಾನಿ ನೆಹರೂ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಒಂದೇ ಚಪ್ಪರದಡಿ ಕೂತ ಸಭೆ ಅದು.

ಐದು ಸಾವಿರ ಜನರಿಗೆ ಒಬ್ಬ ಶಾಂತಿಸೈನಿಕ ಎಂಬುದು ವಿನೋಬಾ ಹಾಕಿದ ಲೆಕ್ಕ. ಸೈನಿಕರ ಖರ್ಚಿಗೆ ಪ್ರತಿ ಮನೆಯಲ್ಲೂ ಒಂದು ಸರ್ವೋದಯ ಪಾತ್ರೆ. ಮನೆಯ ಮಗು ದಿನವೂ ಅದಕ್ಕೆ ಒಂದು ಹಿಡಿ ಧಾನ್ಯ ಹಾಕಬೇಕು. ಮಗುವಿನ ಕೈ ಎಂದದ್ದರಲ್ಲಿ ಜಾಣತನವಿತ್ತು: ಹಿಡಿ ಚಿಕ್ಕದು, ಅಭ್ಯಾಸ ದೊಡ್ಡದು. ಲೆಕ್ಕದಂತೆ ಸೈನಿಕರು ಯಾವತ್ತೂ ಸೇರಲಿಲ್ಲ, ಪಾತ್ರೆಗಳು ಕೆಲವೇ ವರ್ಷಗಳಲ್ಲಿ ಖಾಲಿಯಾದವು.

ಗಾಂಧಿಗ್ರಾಮದಲ್ಲಿ ರಾಮಚಂದ್ರನ್ ಇದಕ್ಕೆ ಬೇರೆ ದಾರಿ ಹಿಡಿದರು. ಊರೂರಿನಲ್ಲಿ ಸೈನಿಕರನ್ನು ಹುಡುಕುವ ಬದಲು ವಿದ್ಯಾರ್ಥಿಗಳನ್ನೇ ಶಾಂತಿಸೇನೆಯಾಗಿ ಕಟ್ಟಿದರು. ಬಿಳಿ ಖಾದಿ, ಸಾಲುಸಾಲಾದ ಕವಾಯತು, ಪ್ರಥಮ ಚಿಕಿತ್ಸೆ, ಜನಸಂದಣಿ ನಿಭಾಯಿಸುವುದು, ಜಗಳದಲ್ಲಿ ಎರಡೂ ಕಡೆಯವರ ಮಾತು ಕೇಳಿಸಿಕೊಳ್ಳುವುದು ಅದರ ಪಾಠಗಳು. ಸೇನೆಯ ಶಿಸ್ತನ್ನು ಶಾಂತಿಗೆ ಒಗ್ಗಿಸುವ ಈ ಪ್ರಯೋಗವನ್ನು ಹೊರಗಿನಿಂದ ಬಂದವರು ಬಹಳ ಮೆಚ್ಚಿದರು. ಇದಕ್ಕೆ ಇನ್ನೊಂದು ಮುಖವೂ ಇದೆ. ಪಠ್ಯದ ಭಾಗವಾದದ್ದು ಪದವಿಯೊಂದಿಗೆ ಮುಗಿಯುತ್ತದೆ. ಊರಿಗೆ ಮರಳಿದ ವಿದ್ಯಾರ್ಥಿಗೆ ಅಲ್ಲಿ ಶಾಂತಿಸೇನೆಯ ಘಟಕ ಇರುತ್ತಿರಲಿಲ್ಲ. ಅವನ ಜಾತಿಯ ಸಂಘ ಮಾತ್ರ ಇರುತ್ತಿತ್ತು.

ಶಾಂತಿಸೇನೆಯ ಅತಿ ದೊಡ್ಡ ಯಶಸ್ಸು ಈ ಸೀಮೆಯಿಂದ ಬಹುದೂರದ ಚಂಬಲ್ ಕಣಿವೆಯಲ್ಲಿ ಕಂಡಿತು. 1972ರ ಏಪ್ರಿಲ್‌ನಲ್ಲಿ ಜೌರಾದ ಆಶ್ರಮದಲ್ಲಿ ಡಕಾಯಿತರು ಜಯಪ್ರಕಾಶ್ ನಾರಾಯಣರ ಮುಂದೆ ಬಂದೂಕು ಇಳಿಸಿದರು. ಆ ಆಶ್ರಮ ಕಟ್ಟಿದವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಸುಬ್ಬರಾವ್ (1929–2021).

ಹೊರಜಗತ್ತು ಬಂದ ದಿನಗಳು

1959ರ ಫೆಬ್ರವರಿ–ಮಾರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದದ್ದು ಗಾಂಧಿ ಸ್ಮಾರಕ ನಿಧಿಯ ಆಹ್ವಾನದ ಮೇಲೆ. ನಿಧಿಯ ಕಾರ್ಯದರ್ಶಿ ಜಿ. ರಾಮಚಂದ್ರನ್. ಹೀಗಾಗಿ ಮದ್ರಾಸಿನಿಂದ ತಿರುವನಂತಪುರದ ಕಡೆಗೆ ಹೋಗುವ ದಾರಿಯಲ್ಲಿ ಕಿಂಗ್ ದಂಪತಿ ಗಾಂಧಿಗ್ರಾಮಕ್ಕೆ ಬಂದರು. ಅದೇ ಪ್ರವಾಸದಲ್ಲಿ ಬೆಂಗಳೂರನ್ನೂ ಕಂಡರು. ಬ್ಯಾಪ್ಟಿಸ್ಟ್ ಪಾದ್ರಿಯಾದ ಕಿಂಗ್‌ಗೆ ಗಾಂಧೀಜಿಯ ವಿಧಾನದಲ್ಲಿ ತಮ್ಮ ಧರ್ಮದ ಮಾತೇ ಕಂಡಿತ್ತು. ಅಸ್ಪೃಶ್ಯತೆ ಮತ್ತು ಅಮೆರಿಕದ ವರ್ಣಭೇದ ಒಂದೇ ರೋಗದ ಎರಡು ರೂಪ ಎಂಬ ಹೋಲಿಕೆ ಈ ಪ್ರವಾಸದಿಂದ ಅವರಲ್ಲಿ ಗಟ್ಟಿಯಾಯಿತು.

ಮರುವರ್ಷ ಡಿಸೆಂಬರಿನಲ್ಲಿ ಇನ್ನೂ ದೊಡ್ಡ ಸಭೆ ನಡೆಯಿತು. 1921ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ, ಮುರಿದ ಬಂದೂಕನ್ನು ಲಾಂಛನವಾಗಿಟ್ಟುಕೊಂಡ ವಾರ್ ರೆಸಿಸ್ಟರ್ಸ್ ಇಂಟರ್‌ನ್ಯಾಷನಲ್ ಎಂಬ ಯುದ್ಧವಿರೋಧಿಗಳ ಸಂಘಟನೆ ಮೂರು ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುತ್ತಿತ್ತು. ಯುರೋಪಿನಿಂದ ಆಚೆಗೆ ಅದು ಮೊದಲ ಸಲ ಸೇರಿದ್ದು 1960ರಲ್ಲಿ ಗಾಂಧಿಗ್ರಾಮದಲ್ಲಿ. ಶಾಂತಿಸೇನೆಯನ್ನು ದೇಶಗಳ ಗಡಿಯಾಚೆಗೆ ಒಯ್ಯಬೇಕು ಎಂಬ ಪ್ರಸ್ತಾವ ಅಲ್ಲಿ ಗಟ್ಟಿಗೊಂಡಿತು. ಅದರ ಫಲವಾಗಿ 1962ರ ಹೊಸ ವರ್ಷದ ಹೊತ್ತಿಗೆ ಲೆಬನಾನಿನ ಬ್ರುಮ್ಮಾನದಲ್ಲಿ ವಿಶ್ವಶಾಂತಿ ದಳ ಸ್ಥಾಪನೆಯಾಯಿತು. ಜಯಪ್ರಕಾಶ್ ನಾರಾಯಣ, ಅಮೆರಿಕದ ಎ.ಜೆ. ಮಸ್ಟೆ, ಬ್ರಿಟನ್ನಿನ ಪಾದ್ರಿ ಮೈಕೆಲ್ ಸ್ಕಾಟ್ ಅದರ ಸಹಾಧ್ಯಕ್ಷರು.

ದಳದ ಆಯುಸ್ಸು ಹೆಚ್ಚಿರಲಿಲ್ಲ. 1962ರ ಚೀನಾ ಯುದ್ಧ ಭಾರತದ ಸರ್ವೋದಯದವರನ್ನೇ ಎರಡು ಮಾಡಿತು. ಗಡಿಯಲ್ಲಿ ಸೈನಿಕರು ಸಾಯುವಾಗ ಶಾಂತಿಸೈನಿಕರು ಏನು ಮಾಡಬೇಕೆಂಬುದಕ್ಕೆ ಒಮ್ಮತದ ಉತ್ತರ ಸಿಗಲಿಲ್ಲ. 1963ರ ಮಾರ್ಚ್ 1ರಂದು ಸರ್ವೋದಯದ ಮುಂದಾಳು ಶಂಕರರಾವ್ ದೇವ್ ನೇತೃತ್ವದಲ್ಲಿ ದೆಹಲಿಯಿಂದ ಪೀಕಿಂಗ್‌ಗೆ ಹೊರಟ ಮೈತ್ರಿ ಪಾದಯಾತ್ರೆ ದಾರಿಯುದ್ದಕ್ಕೂ ಜನರ ಸಿಟ್ಟನ್ನು ಎದುರಿಸಿ, ಚೀನಾ ಒಳಗೆ ಬಿಡದ ಕಾರಣ ಗಡಿಯ ಈಚೆಗೇ ಮುಗಿಯಿತು. ಆದರೂ ಗಾಂಧಿಗ್ರಾಮದ ಆ ಚರ್ಚೆಯ ಎಳೆ 1981ರಲ್ಲಿ ಹುಟ್ಟಿದ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್‌ವರೆಗೆ ಬರುತ್ತದೆ.

ಇದೇ ಕಾಲದಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ಅಣ್ವಸ್ತ್ರ ಪರೀಕ್ಷೆಗಳ ವಿರುದ್ಧ ನಿಯೋಗವೊಂದನ್ನು ಅಮೆರಿಕಕ್ಕೆ ಕಳಿಸಿತು. 1962ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರನ್ನು ಕಂಡ ಮೂವರಲ್ಲಿ ಒಬ್ಬರು ರಾಜಾಜಿ. ಉಳಿದ ಇಬ್ಬರೂ ಕನ್ನಡ ನಾಡಿನವರು, ಧಾರವಾಡದ ರಂಗನಾಥ ದಿವಾಕರ ಮತ್ತು ಮಂಗಳೂರು ಮೂಲದ ಬೆನಗಲ್ ಶಿವರಾವ್. ವಚನ, ಹರಿದಾಸ ಸಾಹಿತ್ಯ, ಉಪನಿಷತ್ತುಗಳ ಬಗ್ಗೆ ಕನ್ನಡದಲ್ಲಿ ಬರೆದ ದಿವಾಕರರು ಪ್ರತಿಷ್ಠಾನದ ಅಧ್ಯಕ್ಷರಾಗಿದ್ದರು. ‘ವಚನಶಾಸ್ತ್ರ ರಹಸ್ಯ’ ಬರೆದವರು ಅಣುಬಾಂಬಿನ ಬಗ್ಗೆ ಶ್ವೇತಭವನದಲ್ಲಿ ಮಾತಾಡಿದ್ದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಾದರೂ ಹೇಳಬಹುದಿತ್ತು.

ಕೃಷ್ಣಮ್ಮಾಳ್ ಮತ್ತು ಜಗನ್ನಾಥನ್

ಗಣ್ಯರು ಬಂದುಹೋಗುತ್ತಿದ್ದ ಈ ದಿನಗಳಲ್ಲೇ ಇನ್ನೊಂದು ಕೆಲಸ ಹಳ್ಳಿಗಳಲ್ಲಿ ಸಾಗಿತ್ತು. ಕೃಷ್ಣಮ್ಮಾಳ್ ಹುಟ್ಟಿದ್ದು 1926ರಲ್ಲಿ, ಬಟ್ಲಗುಂಡಿನ ಬಳಿಯ ಅಯ್ಯನ್‌ಕೋಟ್ಟೈಯ ಭೂಹೀನ ದಲಿತ ಕುಟುಂಬದಲ್ಲಿ. ಕೂಲಿ ಮಾಡುವ ತಾಯಿಯ ಬೆನ್ನಹಿಂದೆ ಬೆಳೆದ ಹುಡುಗಿಯ ಓದಿಗೆ ಮಧುರೈಯಲ್ಲಿ ಆಸರೆಯಾದವರು ಸೌಂದರಂ. ಶಂಕರಲಿಂಗಂ ಜಗನ್ನಾಥನ್ ರಾಮನಾಥಪುರದ ಅನು­ಕೂಲಸ್ಥ ಮನೆಯವರು. 1930ರಲ್ಲಿ ಮಧುರೈಯ ಅಮೆರಿಕನ್ ಕಾಲೇಜು ಬಿಟ್ಟು ಬಂದು, ಮುಂದೆ ಬೆಂಗಳೂರಿನಲ್ಲಿ ಕೈಥಾನರ ಜೊತೆ ಕೊಳೆಗೇರಿಗಳಲ್ಲಿ ಕೆಲಸ ಕಲಿತರು; 1942ರ ಚಳವಳಿಯಲ್ಲಿ ಜೈಲು ಕಂಡರು. ಸ್ವತಂತ್ರ ಭಾರತದಲ್ಲೇ ಮದುವೆ ಎಂದು ಕಾದು, 1950ರ ಜುಲೈಯಲ್ಲಿ ಇಬ್ಬರೂ ವಿವಾಹವಾದರು. ಜಾತಿಯ ಅಂತರ ನೋಡಿದರೆ ಈ ಮದುವೆಯೇ ಒಂದು ಸತ್ಯಾಗ್ರಹ.

ಜಗನ್ನಾಥನ್ ಉತ್ತರಕ್ಕೆ ಹೋಗಿ ವಿನೋಬಾರ ಜೊತೆ ನಡೆದು, ತಮಿಳುನಾಡಿನ ಭೂದಾನದ ಮುಂದಾಳಾಗಿ ಮರಳಿದರು. ತಮಿಳುನಾಡಿನಲ್ಲಿ ಗ್ರಾಮದಾನ ಹೆಚ್ಚಾಗಿ ಬಂದದ್ದು ಅಂದಿನ ಮಧುರೈ ಜಿಲ್ಲೆಯಲ್ಲಿ, ಬಟ್ಲಗುಂಡಿನ ಸುತ್ತ. ದಾನವಾಗಿ ಬಂದ ನೆಲದ ಗುಣ ಮಾತ್ರ ಎಲ್ಲೆಡೆಯಂತೆ ಇಲ್ಲೂ ಪ್ರಶ್ನಾರ್ಹವಾಗಿತ್ತು. ಬಂಜರು, ಬೋರೆ, ವ್ಯಾಜ್ಯದಲ್ಲಿದ್ದ ಸರ್ವೆ ನಂಬರುಗಳು. ಇನ್ನೊಂದು ತೊಡಕು ನೇರವಾಗಿ ಧರ್ಮಕ್ಕೆ ಸಂಬಂಧಿಸಿದ್ದು: ಒಳ್ಳೆಯ ನೀರಾವರಿ ನೆಲದ ಬಹುಪಾಲು ದೇವಸ್ಥಾನ, ಮಠಗಳ ಹೆಸರಿನಲ್ಲಿತ್ತು, ಅನುಭವಿಸುತ್ತಿದ್ದವರು ಗುತ್ತಿಗೆಯ ಹೆಸರಿನಲ್ಲಿ ದೊಡ್ಡ ಜಮೀನ್ದಾರರು. ದೇವರ ನೆಲವನ್ನು ದೇವರ ಹೆಸರಿನಲ್ಲೇ ಕೇಳುವುದು ಜಗನ್ನಾಥನ್ ದಂಪತಿಯ ದಾರಿಯಾಯಿತು. ಉಪವಾಸ, ಪಾದಯಾತ್ರೆ, ನಿಷೇಧಿಸಿದ ಹೊಲಕ್ಕೆ ನೇಗಿಲು ಹೊತ್ತು ಹೋಗಿ ಉಳುವುದು, ಬಂಧನ.

1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್‌ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಸಬೇಕೆಂದು ಕೇಳಿದ್ದ ದಲಿತರ ಮೇಲೆ ಜಮೀನ್ದಾರರ ಕಡೆಯವರು ದಾಳಿ ಮಾಡಿದರು. ಗುಡಿಸಲೊಂದರಲ್ಲಿ ಅಡಗಿದ್ದ 44 ಜನ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಸುಟ್ಟು ಸತ್ತರು. ಕೃಷ್ಣಮ್ಮಾಳ್ ಅಲ್ಲಿಗೆ ಹೋಗಿ ನೆಲೆಸಿದರು. ದಿಂಡಿಗಲ್ ಸೀಮೆಯಲ್ಲಿ ಕಲಿತದ್ದನ್ನು ಕಾವೇರಿ ಮುಖಜಭೂಮಿಯಲ್ಲಿ ಬಳಸಿದ ಈ ಘಟ್ಟವೇ ಅವರ ಜೀವನದ ಮುಖ್ಯ ಭಾಗ. ತುರ್ತುಪರಿಸ್ಥಿತಿಯ ಕಾಲದಲ್ಲಿ ಜಯಪ್ರಕಾಶರ ಚಳವಳಿಗಾಗಿ ಬಿಹಾರಕ್ಕೆ ಹೋಗಿದ್ದ ಜಗನ್ನಾಥನ್ ಸೆರೆಯಾದರು.

1981ರಲ್ಲಿ ಇಬ್ಬರೂ ಲಾಫ್ಟಿ ಸಂಸ್ಥೆ ಆರಂಭಿಸಿದರು. ಉಳುವವರಿಗೆ ನೆಲದ ಬಿಡುಗಡೆ ಅದರ ಉದ್ದೇಶ. ವಿಧಾನ ಸರಳ: ಮಾರಲು ಒಪ್ಪುವ ಜಮೀನ್ದಾರನೊಡನೆ ಕೂತು ನ್ಯಾಯವಾದ ಬೆಲೆ ನಿಗದಿ ಮಾಡುವುದು, ಬ್ಯಾಂಕಿನ ಸಾಲ ಕೊಡಿಸುವುದು, ನೆಲವನ್ನು ಭೂಹೀನ ಕುಟುಂಬದ ಹೆಂಗಸಿನ ಹೆಸರಿಗೆ ನೋಂದಾಯಿಸುವುದು. ಭೂದಾನ ದಾನಿಯ ಹೃದಯವನ್ನು ನಂಬಿತ್ತು. ಲಾಫ್ಟಿ ಹೃದಯದ ಜೊತೆ ನೋಂದಣಿ ಕಚೇರಿಯನ್ನೂ ನಂಬಿತು. ಹೀಗೆ ಹತ್ತು ಸಾವಿರ ಎಕರೆಗೂ ಮಿಕ್ಕಿದ ನೆಲ ಕೈ ಬದಲಾಯಿಸಿತು. ಗಂಡಸಿನ ಹೆಸರಿಗೆ ಬರೆದ ನೆಲ ಹೆಂಡದಂಗಡಿಗೆ ಅಡವಾಗುವುದನ್ನು ಕಂಡವರ ತೀರ್ಮಾನ ಅದು.

1990ರ ದಶಕದಲ್ಲಿ ಕರಾವಳಿಯ ಭತ್ತದ ಗದ್ದೆಗಳನ್ನು ಸಿಗಡಿ ಕೊಳಗಳು ನುಂಗತೊಡಗಿದಾಗ ಜಗನ್ನಾಥನ್ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 11ರ ತೀರ್ಪು ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕವಲ್ಲದ ಸಿಗಡಿ ಸಾಕಣೆಯನ್ನು ನಿಷೇಧಿಸಿತು. ಎಸ್. ಜಗನ್ನಾಥ್ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುತ್ತಾರೆ.

ಕೃಷ್ಣಮ್ಮಾಳ್ ಅವರ ಶ್ರದ್ಧೆಯ ಮೂಲ ವಳ್ಳಲಾರ್ ರಾಮಲಿಂಗ ಸ್ವಾಮಿಗಳು (1823–1874). ಜಾತಿ, ಮತಗಳ ಕಟ್ಟು ಮೀರಿ ದೇವರನ್ನು ಬೆಳಕಿನ ರೂಪದಲ್ಲಿ ಕಂಡ ಸಂತ. ಹಸಿದವರಿಗೆ ಉಣಿಸುವುದೇ ಪೂಜೆ ಎಂದು 1867ರಲ್ಲಿ ವಡಲೂರಿನಲ್ಲಿ ಅವರು ಹೊತ್ತಿಸಿದ ಒಲೆ ಇನ್ನೂ ಆರಿಲ್ಲ. ದೀಪ ಹಚ್ಚಿ ಅರುಟ್‌ಪೆರುಂಜ್ಯೋತಿಯ ಪ್ರಾರ್ಥನೆ ಮಾಡಿಯೇ ಕೃಷ್ಣಮ್ಮಾಳ್ ಹಳ್ಳಿಯ ಸಭೆಗಳಿಗೂ ಜಮೀನ್ದಾರರ ಮನೆಗಳಿಗೂ ಹೋಗುತ್ತಿದ್ದರು. ಜಮೀನ್ದಾರನಲ್ಲೂ ಆ ಬೆಳಕಿದೆ ಎಂದು ನಂಬಿದವರಿಗೆ ಅವನೊಡನೆ ಬೆಲೆ ಮಾತಾಡುವುದು ರಾಜಿಯಂತೆ ಕಾಣುತ್ತಿರಲಿಲ್ಲ. ಬಸವಣ್ಣನವರ ಕಾಯಕ, ದಾಸೋಹಗಳನ್ನು ಬಲ್ಲ ಓದುಗರಿಗೆ ಇದರ ಸೂಕ್ಷ್ಮವನ್ನು ವಿವರಿಸಬೇಕಾಗಿಲ್ಲ. ಎಡಪಂಥೀಯರು ಇದನ್ನು ಟೀಕಿಸಿದ್ದಾರೆ. ಕಿತ್ತುಕೊಳ್ಳಬೇಕಾದ ನೆಲಕ್ಕೆ ಬೆಲೆ ತೆತ್ತದ್ದೇಕೆ, ಸಾಲದ ಹೊರೆ ಬಡವರ ತಲೆಗೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಕೀಳ್‌ವೆಣ್ಮಣಿಯ ಆರೋಪಿಗಳು ಮೇಲ್ಮನವಿಯಲ್ಲಿ ಖುಲಾಸೆಯಾದ ನಾಡಿನಲ್ಲಿ, ರಕ್ತವಿಲ್ಲದೆ ಬಂದ ಒಂದು ಎಕರೆಯ ಬೆಲೆಯೂ ಕಡಿಮೆಯಲ್ಲ.

2008ರಲ್ಲಿ ದಂಪತಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಜಗನ್ನಾಥನ್ 2013ರ ಫೆಬ್ರವರಿ 12ರಂದು ಗಾಂಧಿಗ್ರಾಮದಲ್ಲಿ ತೀರಿಕೊಂಡರು. 1989ರಲ್ಲಿ ಪದ್ಮಶ್ರೀ ಪಡೆದಿದ್ದ ಕೃಷ್ಣಮ್ಮಾಳ್ ಅವರಿಗೆ 2020ರಲ್ಲಿ ಪದ್ಮಭೂಷಣ ಸಂದಿತು.

ಮುಟ್ಟದೆ ಉಳಿದ ಜಗಳಗಳು

ಶಾಂತಿಯ ಇಷ್ಟು ಸಂಸ್ಥೆಗಳಿದ್ದರೂ ಸೀಮೆ ಶಾಂತವಾಗಿಯೇನೂ ಇರಲಿಲ್ಲ. 1989ರಲ್ಲಿ ಬೋಡಿನಾಯಕನೂರಿನಲ್ಲಿ ದಲಿತರು ಮತ್ತು ತೇವರ್ ಸಮುದಾಯದ ನಡುವೆ ಭೀಕರ ಗಲಭೆ ನಡೆದು, ಸುತ್ತಲ ಊರುಗಳಿಗೂ ಹಬ್ಬಿತು. ಅಲ್ಲಿಂದ ಗಾಂಧಿಗ್ರಾಮ ಬಸ್ಸಿನಲ್ಲಿ ಕೆಲವೇ ಗಂಟೆಗಳ ದಾರಿ. ದಕ್ಷಿಣ ತಮಿಳುನಾಡಿನ ಜಾತಿ ಗಲಭೆಗಳಿಗೆ ಸರಕಾರ 1990ರ ದಶಕದ ಕೊನೆಗೆ ಕಂಡುಕೊಂಡ ಉಪಾಯಗಳಲ್ಲಿ ಎಲ್ಲ ಜಾತಿಯವರಿಗೂ ಒಂದೇ ಬಡಾವಣೆಯಲ್ಲಿ ಮನೆ ಕೊಡುವ ಸಮತ್ತುವಪುರಂ ಒಂದು. ಅದು ದ್ರಾವಿಡ ಪಕ್ಷದ ಸರಕಾರ ಪೆರಿಯಾರರ ಹೆಸರಿನಲ್ಲಿ ತಂದ ಯೋಜನೆ. ಪ್ರಾರ್ಥನೆಯ ಮೂಲಕ ಹೊರಟವರೂ ದೇವರಿಲ್ಲ ಎಂದು ಹೊರಟವರೂ ಕೊನೆಗೆ ನಿವೇಶನ, ಹೊಲ, ನಲ್ಲಿ ಎಂಬಲ್ಲಿಗೇ ಬಂದರು.

ಕಂಬಂ ಕಣಿವೆಯ ಇನ್ನೊಂದು ಜಗಳ ನೀರಿನದು. 1895ರಲ್ಲಿ ಮುಗಿದ ಮುಲ್ಲೈಪೆರಿಯಾರ್ ಅಣೆಕಟ್ಟು ಕೇರಳದ ನೆಲದಲ್ಲಿದೆ, ನೀರು ತಮಿಳುನಾಡಿನ ಹೊಲಗಳಿಗೆ ಬರುತ್ತದೆ. 2011ರ ಡಿಸೆಂಬರಿನಲ್ಲಿ ಅಣೆಕಟ್ಟಿನ ಭದ್ರತೆಯ ಭೀತಿ ಎರಡೂ ಕಡೆ ಸಿಟ್ಟಾಗಿ ಹೊರಬಿದ್ದು ಕುಮಳಿ ಗಡಿ ಮುಚ್ಚಿತು. ಅಯ್ಯಪ್ಪ ಮಾಲಾಧಾರಿಗಳು ಶಬರಿಮಲೆಗೆ ಹೋಗುವ ಕಾಲ; ಅವರ ವಾಹನಗಳು ಸುತ್ತುದಾರಿ ಹಿಡಿದವು. ಎರಡೂ ಕಡೆಯವರು ಒಂದೇ ದೇವರ ಭಕ್ತರಾಗಿದ್ದುದು ಜಗಳ ತಡೆಯಲಿಲ್ಲ. 2014ರ ಮೇ 7ರಂದು ನೀರಿನ ಮಟ್ಟವನ್ನು 142 ಅಡಿಗೆ ಏರಿಸಲು ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿತು. ಕಣಿವೆಯ ರೈತರು ಅಣೆಕಟ್ಟು ಕಟ್ಟಿದ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಹುಟ್ಟುಹಬ್ಬಕ್ಕೆ, ಜನವರಿ 15ರಂದು, ಪೊಂಗಲ್ ಇಟ್ಟು ಪೂಜಿಸುತ್ತಾರೆ. ಅವರ ಸ್ಮಾರಕ ಮಂಟಪ ಲೋವರ್ ಕ್ಯಾಂಪಿನಲ್ಲಿ 2013ರಲ್ಲಿ ಆರಂಭವಾಯಿತು.

ಗಾಂಧಿಗ್ರಾಮದ ವಿಶ್ವವಿದ್ಯಾಲಯದಲ್ಲಿ ಶಾಂತಿಸೇನೆ ಪಠ್ಯದ ಭಾಗವಾಗಿ ಮುಂದುವರಿದಿದೆ. ಕಸ್ತೂರಬಾ ಆಸ್ಪತ್ರೆಯೂ ಒಡ್ಡನ್‌ಛತ್ರಂನ ಆಸ್ಪತ್ರೆಯೂ ನಡೆಯುತ್ತಿವೆ. ವೇದಸಂದೂರಿನ ಒಣ ಹಳ್ಳಿಗಳ ತರುಣ ತರುಣಿಯರು ಈಗ ಹೆಚ್ಚಾಗಿ ನೂಲಿನ ಗಿರಣಿಗಳಲ್ಲಿ ದುಡಿಯುತ್ತಾರೆ. ಕೈಮಗ್ಗ, ಚರಕಗಳ ಲೆಕ್ಕದಲ್ಲಿ ಯೋಚಿಸಿದ ಸೌಂದರಂ ಅವರ ಪೀಳಿಗೆಗೆ ಗಿರಣಿಯ ಪಾಳಿಯಲ್ಲಿ ಶಾಂತಿಕಾರ್ಯ ಹೇಗಿರಬೇಕೆಂದು ಯೋಚಿಸುವ ಅಗತ್ಯ ಬಂದಿರಲಿಲ್ಲ.